ಪ್ಯಾಡಿಂಗ್‌ಟನ್ನಿನಿಂದ ಹೊರಟ ದುಡಿ

ಒಲೆಯ ಬಿಸಿಗೆ ದುಡಿ ಹಿಡಿದು ಕೂತಿದ್ದ ಅಜ್ಜ ಚರ್ಮ ಬಿಗಿಯಾಗುವ ತನಕ ಬಾಯಿ ಬಿಡಲಿಲ್ಲ. ಕೊಡಗಿನ ನಾಪೋಕ್ಲಿನ ಆಚೆ, ಗದ್ದೆಯಂಚಿನ, ಅವರ ಮನೆತನದ ಐನ್‌ಮನೆಗೆ ನಾನು ಹೋದದ್ದು ಜುಲೈ ಮಳೆಯಲ್ಲಿ. ಕೇಳಬೇಕೆಂದಿದ್ದದ್ದು ಬಾಳೋ ಪಾಟಿನ, ಅಂದರೆ ಕೊಡವರ ದುಡಿ ಹಾಡಿನ ಬಗ್ಗೆ. ಕೇಳಿಸಿಕೊಂಡು ಬಂದದ್ದು ಲಂಡನ್ನಿನ ನೆಲದಡಿಯ ರೈಲಿನ ಬಗ್ಗೆ! ಎರಡು ವಾರವಾಯಿತು, ಆ ತಾಳ ಇನ್ನೂ ಬೆರಳಿನಿಂದ ಇಳಿದಿಲ್ಲ.

ಅಜ್ಜನಿಗೆ ಎಪ್ಪತ್ತು ದಾಟಿದೆ. ಕಳೆದ ಚಳಿಗಾಲದಲ್ಲಿ ಮಗಳ ಮನೆಗೆ ಹೋಗುವಾಗ ದುಡಿಯನ್ನು ಪಂಚೆಯಲ್ಲಿ ಸುತ್ತಿ ಕೈಚೀಲದಲ್ಲೇ ಇಟ್ಟುಕೊಂಡರು. ಲಂಡನ್ನಿನಲ್ಲಿರುವ ಕೆಲವು ಕೊಡವ ಮನೆಯವರು ಸೇರಿ ಸುಗ್ಗಿಯ ಹಬ್ಬ ಪುತ್ತರಿ ಮಾಡುವವರಿದ್ದರು, ಹಾಡಲು ಜನ ಬೇಕಿತ್ತು. ದುಡಿಕೊಟ್ಟ್ ಪಾಟಿಗೆ ನಾಲ್ವರಿರಬೇಕು: ಇಬ್ಬರು ಹೇಳಿದ್ದನ್ನು ಇನ್ನಿಬ್ಬರು ಎತ್ತಿಕೊಳ್ಳಬೇಕು. ಸಿಕ್ಕಿದ್ದು ಕಂಪ್ಯೂಟರ್ ಕೆಲಸದ ಮೂವರು ಹುಡುಗರು. ಯಾರಿಗೂ ಪಾಟ್ ಬಾರದು, ಇದ್ದದ್ದೂ ಒಂದೇ ದುಡಿ. "ಹೇಳಿದ್ದನ್ನೇ ತಿರುಗಿ ಹೇಳಿದ್ರೆ ಸಾಕು. ಹತ್ತು ಸಾಲು ದಾಟಿದ ಮೇಲೆ ಬಾಯಿಗೆ ತಾನೇ ಬರ್ತದೆ" ಎಂದರು ಅಜ್ಜ. ಅಲ್ಲಿ ಒಲೆಯಿರಲಿಲ್ಲ. ದುಡಿಯನ್ನು ಗೋಡೆಯ ಹೀಟರಿಗೆ ಒರಗಿಸಿ ಕಾಯಿಸಿದರಂತೆ.

ನಮ್ಮ ಕಲಾವಿದರ ವಿದೇಶಯಾತ್ರೆ ಪತ್ರಿಕೆಗಳಲ್ಲಿ ವೇದಿಕೆಯಿಂದ ಶುರುವಾಗಿ ವೇದಿಕೆಯಲ್ಲೇ ಮುಗಿಯುತ್ತದೆ. ನೆರೆಯ ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ಬಿಬಿಸಿ ಪ್ರಾಮ್ಸ್‌ನಲ್ಲಿ ಸ್ಯಾಕ್ಸೋಫೋನ್ ನುಡಿಸಿದ್ದು ನಮಗೆಲ್ಲ ಗೊತ್ತು. ಮಾರನೆಯ ಬೆಳಿಗ್ಗೆ ಯಾವ ಬೀದಿಯಲ್ಲಿ ನಡೆದರು, ಆ ಕಿವಿಗೆ ಏನೇನು ಬಿತ್ತು? ಅಂಥ ಕಿವಿ ಇರುವವರಿಂದ ನನಗೆ ಬೇಕಾದದ್ದು ಅದು. ಅಜ್ಜ ಕೊಟ್ಟದ್ದೂ ಅದನ್ನೇ.

ಹಗಲು ಮಗಳು, ಅಳಿಯ ಕೆಲಸಕ್ಕೆ ಹೋದರೆ ಅಜ್ಜ ಒಬ್ಬರೇ. ಮನೆ ಪ್ಯಾಡಿಂಗ್‌ಟನ್ನಿನ ಹತ್ತಿರ. ಮೂರನೆಯ ದಿನ ನಿಲ್ದಾಣಕ್ಕೆ ಇಳಿದವರಿಗೆ ಸುರಂಗದ ತಿರುವಿನಲ್ಲಿ ಪಿಟೀಲು ಕೇಳಿಸಿತು. ನೆಲದ ಮೇಲೆ ಅರ್ಧಚಂದ್ರಾಕಾರದ ಗುರುತು, ಅದರೊಳಗೆ ನಿಂತು ಒಬ್ಬಳು ಹುಡುಗಿ ನುಡಿಸುತ್ತಿದ್ದಳು. 2003ರಿಂದ ಅಲ್ಲಿ ಹೀಗೆ ಪರವಾನಗಿ ಪಡೆದು ನುಡಿಸುವ ವ್ಯವಸ್ಥೆಯಿದೆ. ಜನ ಸಂತೆಯಂತೆ ಹಾಯುತ್ತಿದ್ದರೂ ಆ ಗುರುತಿನೊಳಗೆ ಯಾರೂ ಕಾಲಿಡಲಿಲ್ಲ ಎಂಬುದು ಅಜ್ಜನಿಗೆ ತುಂಬ ಹಿಡಿಸಿದೆ. ಮುಕ್ಕಾಲು ಗಂಟೆ ನಿಂತು ಕೇಳಿದರಂತೆ.

"ಅಜ್ಜ, ಅಷ್ಟು ಜನರ ಮಧ್ಯೆ ಭಯ ಆಗ್ಲಿಲ್ವಾ?" ಎಂದೆ.

"ಭಯ ಎಂಥದ್ದಕ್ಕೆ? ಪ್ರತಿ ಸ್ಟೇಷನ್ನಿನ ಹೆಸರು ಕೂಗಿ ಹೇಳ್ತಾರಲ್ಲ" ಎಂದರು.

ಆ ಕೂಗೇ ಅವರ ಪಾಟಿಗೆ ಬೀಜವಾಯಿತು. ನಡಿಕೇರಿಯಂಡ ಚಿಣ್ಣಪ್ಪನವರ 1924ರ ಜನಪದ ಹಾಡಿನ ಸಂಗ್ರಹ 'ಪಟ್ಟೋಲೆ ಪಳಮೆ' ತಿರುವಿದವರಿಗೆ ಗೊತ್ತು, ಕೊಡವ ಪಾಟ್‌ನಲ್ಲಿ ದಾರಿಗೆ ದೊಡ್ಡ ಜಾಗವಿದೆ. ವೀರ ಮನೆ ಬಿಟ್ಟರೆ ಸೀದಾ ಗುರಿ ಮುಟ್ಟುವುದಿಲ್ಲ, ಹಾದ ಜಾಗಗಳೆಲ್ಲ ಬಾಯಿಗೆ ಬರಬೇಕು. ಅಜ್ಜ ಬೇಕರ್‌ಲೂ ಮಾರ್ಗವನ್ನು ಹಾಗೇ ಕಟ್ಟಿದ್ದಾರೆ. ಪ್ಯಾಡಿಂಗ್‌ಟನ್ ಬಿಟ್ಟೆ, ವಾರ್ವಿಕ್ ಅವೆನ್ಯೂ ಕಂಡೆ. ಮೇಡಾ ವೇಲ್ ದಾಟಿದೆ, ಕಿಲ್‌ಬರ್ನ್ ಪಾರ್ಕ್ ದಾಟಿದೆ. ಆಮೇಲೆ ಕ್ವೀನ್ಸ್ ಪಾರ್ಕ್, ಕೊನೆಗೆ ಕೆನ್ಸಲ್ ಗ್ರೀನ್. ಎರಡು ಪಾರ್ಕ್ ಒಂದರ ಹಿಂದೊಂದು ಬಂದದ್ದು ಅವರಿಗೆ ಹಬ್ಬ. "ನಾನು ಜೋಡಿ ಮಾಡಿದ್ದಲ್ಲ, ರೈಲಿನವರೇ ಮಾಡಿಟ್ಟದ್ದು!" ಆರು ಹೆಸರು, ಮೂರು ಜೋಡಿ. ಮೇಡಾ ವೇಲ್ ಎಂಬಲ್ಲಿ ದುಡಿಯ ಹಗ್ಗ ಒತ್ತಿ ಸ್ವರ ಏರಿಸುತ್ತಾರೆ. ನಾನು ನಾಲ್ಕು ಸಲ ಹಾಡಿಸಿಕೊಂಡೆ, ಐದನೆಯ ಸಲ ಹಿಂದಿನಿಂದ ಎತ್ತಿಕೊಂಡೆ. ಅಜ್ಜ ಹೇಳಿದ್ದು ನಿಜ, ಬಾಯಿಗೆ ತಾನೇ ಬರುತ್ತದೆ. ದುಡಿ ಹಳೆಯ ಕಾಲದ್ದು, ಮುಗಿಯಿತು ಎಂದು ಮರುಗುವವರ ಮಾತನ್ನು ಇನ್ನು ನಾನು ನಂಬಲಾರೆ.

ಕೆನ್ಸಲ್ ಗ್ರೀನ್‌ಗೇ ಏಕೆ? ಅಲ್ಲಿನ ಸ್ಮಶಾನದಲ್ಲಿ ನಮ್ಮ ಕೊಡಗನ್ನಾಳಿದ ಹಾಲೇರಿ ಮನೆತನದ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಮಣ್ಣು ಮಾಡಿದ್ದಾರೆ. 1834ರಲ್ಲಿ ಗದ್ದುಗೆ ಹೋಗಿ, ಕಾಶಿಯಲ್ಲಿ ವರ್ಷಗಟ್ಟಲೆ ಕಳೆದು, ಈಸ್ಟ್ ಇಂಡಿಯಾ ಕಂಪನಿಯಲ್ಲಿ ಸಿಕ್ಕಿಕೊಂಡ ಹಣಕ್ಕಾಗಿ 1852ರಲ್ಲಿ ಮಗಳು ಗೌರಮ್ಮನೊಂದಿಗೆ ಲಂಡನ್ನಿಗೆ ಹೋದವನು 1859ರಲ್ಲಿ ಅಲ್ಲೇ ತೀರಿಕೊಂಡ. ಮಾಸ್ತಿಯವರ ಕಾದಂಬರಿ ಓದಿದವರಿಗೆ ಉಳಿದದ್ದನ್ನು ಹೇಳಬೇಕಿಲ್ಲ. ಅವನು ಹೋಗಿ ನಾಲ್ಕು ವರ್ಷ ತುಂಬುವ ಮೊದಲೇ, 1863ರ ಜನವರಿಯಲ್ಲಿ, ನೆಲದಡಿಯ ಮೊದಲ ರೈಲು ಇದೇ ಪ್ಯಾಡಿಂಗ್‌ಟನ್ನಿನಿಂದ ಹೊರಟಿತು. ಗೌರಮ್ಮ ಆಗ ಬದುಕಿದ್ದಳು.

ಎಪ್ಪತ್ತೆರಡು ಎಕರೆಯ ಸ್ಮಶಾನ. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕಕ್ಕೇ ಕತ್ತಲು. ರಜಾದಿನ ಮಗಳನ್ನೂ ಕರೆದುಕೊಂಡು ಹೋಗಿ ಹುಡುಕಿದರೂ ಅರಸನ ಕಲ್ಲು ಸಿಗಲಿಲ್ಲ. ಚಾವು ಪಾಟ್ ಹಾಡಬೇಕೆನಿಸಲಿಲ್ಲವೇ ಎಂದು ಕೇಳಿದೆ. ಅಜ್ಜ ತಲೆಯಾಡಿಸಿದರು. "ಅದನ್ನು ಸತ್ತವರ ಮನೆಯಲ್ಲಿ, ಅವರ ಜನರ ಎದುರು ಹಾಡೋದು. ಅಲ್ಲಿ ಕೇಳೋರು ಯಾರು? ಏಳು ವರ್ಷ ಅರಸ ಆ ಊರಲ್ಲಿದ್ದನಲ್ಲ, ಅವನಿಗೆ ದುಡಿ ಕೇಳಿಸಿದವರು ಯಾರಾದರೂ ಇದ್ರಾ?" ಆಮೇಲೆ ಬಹಳ ಹೊತ್ತು ಅವರೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ.

ಬೆಲ್ಲದ ಕಾಫಿ ಬಂತು. ಬರುವ ವರ್ಷ ಮಗಳು ಮತ್ತೆ ಕರೆದಿದ್ದಾಳೆ. ಈ ಸಲ ಗೌರಮ್ಮನಿರುವಲ್ಲಿಗೆ ಹೋಗಬೇಕು, ಅವಳಿಗೂ ದಾರಿಯ ಪಾಟ್ ಆಗಬೇಕು ಎಂದರು. 1864ರಲ್ಲಿ ಸತ್ತ ಅವಳನ್ನು ಹೂತದ್ದು ಬ್ರಾಂಪ್ಟನ್ ಸ್ಮಶಾನದಲ್ಲಿ, ಅದಕ್ಕೆ ಬೇರೆ ಮಾರ್ಗ. ಮೊಬೈಲಿನಲ್ಲಿ ನಕ್ಷೆ ತೆಗೆದೆ. ಅಜ್ಜ ಹಳೆಯ ಮದುವೆ ಕಾಗದವೊಂದನ್ನು ಮುಂದಿಟ್ಟು, ಕನ್ನಡದಲ್ಲಿ ದೊಡ್ಡದಾಗಿ ಬರಿ ಎಂದರು. ಪ್ಯಾಡಿಂಗ್‌ಟನ್, ಬೇಸ್‌ವಾಟರ್, ನಾಟಿಂಗ್ ಹಿಲ್ ಗೇಟ್, ಹೈ ಸ್ಟ್ರೀಟ್ ಕೆನ್ಸಿಂಗ್‌ಟನ್, ಅರ್ಲ್ಸ್ ಕೋರ್ಟ್, ವೆಸ್ಟ್ ಬ್ರಾಂಪ್ಟನ್.

"ಎಷ್ಟಾಯ್ತು?"

"ಆರು, ಅಜ್ಜ."

ಕಾಗದವನ್ನು ದೂರ ಹಿಡಿದು ತುಟಿಯಲ್ಲೇ ಒಂದು ಸಲ ಓದಿಕೊಂಡರು. ಆಮೇಲೆ ದುಡಿಯನ್ನು ಮತ್ತೆ ಒಲೆಯ ಕಡೆ ಚಾಚಿದರು.