ಏಪ್ರಿಲ್ ಚಾಟ್ನಿಯ ಲೆಕ್ಕ: ದ್ರಾಕ್ಷಿ ಪಡಕ್ಕೆ ಸಾರಜನಕ ಎಷ್ಟು, ಯಾವಾಗ?

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಸುತ್ತಲಿನ ದ್ರಾಕ್ಷಿ ಪಡಗಳಲ್ಲಿ ಬಳ್ಳಿಗೆ ವರ್ಷಕ್ಕೆ ಎರಡು ಸಲ ಕತ್ತರಿ ಬೀಳುತ್ತದೆ, ಫಸಲು ಮಾತ್ರ ಒಂದೇ ಸಲ ಬರುತ್ತದೆ. ಏಪ್ರಿಲ್ ಆಸುಪಾಸಿನ ಚಾಟ್ನಿ, ಅಂದರೆ ಸವರುವಿಕೆ, ಹೊಸ ಕಡ್ಡಿಗಳನ್ನು ಬೆಳೆಸಿಕೊಳ್ಳಲು. ಅಕ್ಟೋಬರ್ ಚಾಟ್ನಿ ಆ ಕಡ್ಡಿಗಳ ಕಣ್ಣುಗಳಿಂದ ಗೊಂಚಲು ಪಡೆಯಲು. ಚಳಿಗಾಲದಲ್ಲಿ ಎಲೆ ಉದುರಿಸಿ ಸುಪ್ತಾವಸ್ಥೆಗೆ ಜಾರುವ ಯುರೋಪಿನ ಬಳ್ಳಿಗೆ ಇಲ್ಲದ ಈ ಎರಡು ಹಂಗಾಮುಗಳ ಬದುಕೇ ಇಲ್ಲಿ ಸಾರಜನಕದ ಪ್ರಶ್ನೆಯನ್ನು ತೊಡಕಾಗಿಸುತ್ತದೆ, ಏಕೆಂದರೆ ಗೊಂಚಲು ಕಣ್ಣಿಗೆ ಬೀಳುವುದು ಅಕ್ಟೋಬರ್ ಚಾಟ್ನಿಯ ನಂತರವಾದರೂ ಅದು ಬರುತ್ತದೆಯೋ ಇಲ್ಲವೋ ಎಂಬುದು ಬೇಸಿಗೆಯಲ್ಲೇ ಬಹುಮಟ್ಟಿಗೆ ಇತ್ಯರ್ಥವಾಗಿರುತ್ತದೆ.

ಎಲೆಯ ಹಸಿರಿಗೆ, ಪ್ರೋಟೀನಿಗೆ, ಕಿಣ್ವಗಳಿಗೆ ಸಾರಜನಕ ಬೇಕೇ ಬೇಕು. ಅದು ಕಡಿಮೆಯಾದಾಗ ಬಳ್ಳಿ ಹಳೆಯ ಎಲೆಗಳಲ್ಲಿದ್ದುದನ್ನು ಹೊಸ ಚಿಗುರಿಗೆ ಸಾಗಿಸುವುದರಿಂದ ಬುಡದ ಎಲೆಗಳು ಮೊದಲು ಹಳದಿಯಾಗುತ್ತವೆ ಮತ್ತು ಕೊರತೆ ದೂರದಿಂದಲೇ ಗೊತ್ತಾಗುತ್ತದೆ. ಅತಿಯಾದಾಗ ಹಾಗಲ್ಲ, ಅಗಲವಾದ ಕಡುಹಸಿರು ಎಲೆ, ಉದ್ದನೆಯ ಗೆಣ್ಣು, ಚಪ್ಪರ ಮುಚ್ಚಿದ ಹಸಿರು ನೋಡುವವರಿಗೆ ಸಮೃದ್ಧಿಯಂತೆಯೇ ಕಾಣುತ್ತದೆ. ಬಳ್ಳಿ ಚೆನ್ನಾಗಿದೆ ಎಂದು ಹೇಳಿಸಿಕೊಳ್ಳುವ ಎಷ್ಟೋ ಪಡಗಳಲ್ಲಿ ಇರುವುದು ಈ ಅತಿಯೇ, ಮತ್ತು ಅದರ ನಷ್ಟ ಆರು ತಿಂಗಳು ತಡವಾಗಿ ಕಾಣಿಸಿಕೊಳ್ಳುವುದರಿಂದ ಕಾರಣವನ್ನು ಯಾರೂ ಏಪ್ರಿಲ್‌ನಲ್ಲಿ ಹುಡುಕುವುದಿಲ್ಲ.

ಚಾಟ್ನಿಯ ನಂತರ ಚಿಗುರು ಓಡುತ್ತಿರುವಾಗಲೇ ಪ್ರತಿ ಎಲೆಯ ಕಂಕುಳಲ್ಲಿ ಒಂದು ಕಣ್ಣು ರೂಪುಗೊಳ್ಳುತ್ತದೆ. ಆ ಕಣ್ಣನ್ನು ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಎಲೆಯ ಮೂಲಾಂಕುರಗಳ ಎದುರಿಗೆ ಗದೆಯಾಕಾರದ ಒಂದು ಸಣ್ಣ ಉಬ್ಬು ಕಾಣುತ್ತದೆ. ಅದು ಏನಾಗಬೇಕೆಂಬುದು ಆ ಹೊತ್ತಿಗೆ ಇನ್ನೂ ತೀರ್ಮಾನವಾಗಿರುವುದಿಲ್ಲ. ಮತ್ತೆ ಮತ್ತೆ ಕವಲೊಡೆದರೆ ಅದು ಹೂಗೊಂಚಲಾಗುತ್ತದೆ, ಎರಡು ಮೂರು ಕವಲಿಗೇ ನಿಂತರೆ ಆಸರೆ ಹಿಡಿಯುವ ಕುಡಿಯಾಗಿ ಉಳಿಯುತ್ತದೆ. ಸಿ. ಶ್ರೀನಿವಾಸನ್ ಮತ್ತು ಮೈಕೆಲ್ ಮುಲಿನ್ಸ್ 1981ರ ತಮ್ಮ ವಿಮರ್ಶಾ ಪ್ರಬಂಧದಲ್ಲಿ ವಿವರಿಸಿದಂತೆ, ಈ ಆಯ್ಕೆಯಲ್ಲಿ ಕೋಶವಿಭಜನೆಗೆ ಒತ್ತಾಸೆಯಾಗುವ ಸೈಟೊಕೈನಿನ್ ಹಾರ್ಮೋನು ಗೊಂಚಲಿನ ಕಡೆಗೂ, ಚಿಗುರನ್ನು ಉದ್ದಕ್ಕೆ ಎಳೆಯುವ ಜಿಬ್ಬರೆಲಿನ್ ಹಾರ್ಮೋನು ಕುಡಿಯ ಕಡೆಗೂ ತೂಕ ಹಾಕುತ್ತವೆ. ಸಾರಜನಕ ಇಲ್ಲಿ ನೇರ ಶತ್ರುವಲ್ಲ, ಹದವಾದ ಸಾರಜನಕವಿಲ್ಲದೆ ಸೈಟೊಕೈನಿನ್ ಕೂಡ ಸಾಕಷ್ಟು ಹುಟ್ಟುವುದಿಲ್ಲ. ಆದರೆ ಚಾಟ್ನಿಯಾಗಿ ಸುಮಾರು 40ರಿಂದ 60 ದಿನಗಳ ಆ ನಿರ್ಣಾಯಕ ಅವಧಿಯಲ್ಲೂ ಯೂರಿಯಾ ಮತ್ತು ನೀರು ಧಾರಾಳವಾಗಿ ಹರಿದರೆ ಚಿಗುರಿನ ಓಟ ನಿಲ್ಲುವುದಿಲ್ಲ, ದಟ್ಟವಾದ ಚಪ್ಪರದ ನೆರಳಿನಲ್ಲಿ ಕಣ್ಣುಗಳಿಗೆ ಬಿಸಿಲು ತಾಗುವುದಿಲ್ಲ, ಅಕ್ಟೋಬರ್‌ನಲ್ಲಿ ಗೊಂಚಲಿನ ಜಾಗದಲ್ಲಿ ಬರಿಯ ಕುಡಿಗಳು ಹೊರಬರುತ್ತವೆ.

ಈ ಓಟಕ್ಕೆ ಕಡಿವಾಣ ಹಾಕಲು ಬೆಳೆಗಾರರು ಸಿಸಿಸಿ ಎಂಬ ಹೆಸರಿನಿಂದ ಬಳಸುತ್ತ ಬಂದಿರುವ ಕ್ಲೋರ್ಮೆಕ್ವಾಟ್ ಕ್ಲೋರೈಡ್, ಬಳ್ಳಿಯಲ್ಲಿ ಜಿಬ್ಬರೆಲಿನ್ ತಯಾರಾಗುವುದನ್ನೇ ತಡೆಯುವ ರಾಸಾಯನಿಕ. 2010ರಲ್ಲಿ ಭಾರತದ ದ್ರಾಕ್ಷಿ ಯುರೋಪಿನಲ್ಲಿ ತಿರಸ್ಕೃತವಾಗಿ ರಫ್ತುದಾರರು ಕಂಗಾಲಾದದ್ದು ಇದರ ಉಳಿಕೆಯಿಂದಲೇ. ಗೊಬ್ಬರಕ್ಕೆ ಹಣ ಕೊಟ್ಟು ಬೆಳವಣಿಗೆ ಕೆರಳಿಸಿ, ಮತ್ತೆ ಹಣ ಕೊಟ್ಟು ಅದನ್ನು ತಡೆಯುವ ಈ ಕ್ರಮದಲ್ಲಿ ಎರಡು ಕಡೆಯೂ ಕಳೆದುಕೊಳ್ಳುವವನು ರೈತನೇ. ಓಟದ ಇನ್ನೊಂದು ಮೂಲ ಬೇರಿನಲ್ಲೇ ಇದೆ: ಉಪ್ಪುನೀರನ್ನೂ ಬರವನ್ನೂ ತಾಳಿಕೊಳ್ಳುತ್ತದೆಂದು 1990ರ ದಶಕದಿಂದ ಹಬ್ಬಿದ ಡಾಗ್‌ರಿಜ್ ಬೇರುಸಸಿ, ಅಂದರೆ ಕಸಿಗೆ ಬುಡವಾಗುವ ಸಸಿ, ಸ್ವಭಾವತಃ ರಭಸದಿಂದ ಬೆಳೆಯುವಂಥದ್ದು. ಸ್ವಂತ ಬೇರಿನ ಥಾಮ್ಸನ್ ಸೀಡ್‌ಲೆಸ್ ಬಳ್ಳಿಗೆ ರೂಢಿಯಾಗಿದ್ದ ಸಾರಜನಕದ ಪ್ರಮಾಣವನ್ನು ಡಾಗ್‌ರಿಜ್ ಮೇಲೆ ಕಸಿ ಮಾಡಿದ ಬಳ್ಳಿಗೂ ಹಾಗೆಯೇ ಮುಂದುವರಿಸುವುದು ತಪ್ಪು ಲೆಕ್ಕ.

ಅಕ್ಟೋಬರ್ ಹಂಗಾಮಿನ ನಿಯಮ ಇದಕ್ಕಿಂತ ಸರಳ. ಚಿಗುರೊಡೆದು ಹೂ ಬಿಡುವವರೆಗೆ ಸಾರಜನಕವನ್ನು ಸಣ್ಣ ಸಣ್ಣ ಕಂತುಗಳಲ್ಲಿ ಕೊಟ್ಟು, ಕಾಯಿ ಕಟ್ಟಿದ ಮೇಲೆ ಪೊಟ್ಯಾಷ್ ಕಡೆಗೆ ತಿರುಗಬೇಕು. ತಡವಾಗಿ ಬಿದ್ದ ಸಾರಜನಕ ಮೆತ್ತನೆಯ ಚಿಗುರಿಗೆ ಡೌನಿ ಮಿಲ್ಡ್ಯೂ ಮತ್ತು ಬೂದಿರೋಗವನ್ನು ಕರೆದು, ಹಣ್ಣಿನಲ್ಲಿ ಸಕ್ಕರೆ ಏರುವುದನ್ನು ಹಿಂದೂಡುತ್ತದೆ. ನಾಲ್ಕು ಕಿಲೋ ಹಸಿ ಹಣ್ಣಿಗೆ ಸುಮಾರು ಒಂದು ಕಿಲೋ ಒಣದ್ರಾಕ್ಷಿ ಇಳಿಯುವ ಈ ಸೀಮೆಯಲ್ಲಿ ಸಕ್ಕರೆ ಕಡಿಮೆಯಾದರೆ ಆ ಇಳುವರಿಗೇ ಪೆಟ್ಟು.

ಹಾಗಾದರೆ ಬಳ್ಳಿಯಲ್ಲಿ ಸಾರಜನಕ ಎಷ್ಟಿದೆ ಎಂದು ತಿಳಿಯುವುದು ಹೇಗೆ? ಎಲೆತೊಟ್ಟಿನಿಂದ. ಏಪ್ರಿಲ್ ಚಾಟ್ನಿಯ ಸುಮಾರು 45 ದಿನಗಳ ನಂತರ ಚಿಗುರಿನ ಬುಡದಿಂದ ಐದನೆಯ ಎಲೆಯ ತೊಟ್ಟನ್ನು, ಅಕ್ಟೋಬರ್ ಹಂಗಾಮಿನಲ್ಲಿ ಹೂ ಅರಳಿದಾಗ ಗೊಂಚಲಿನ ಎದುರಿನ ಎಲೆಯ ತೊಟ್ಟನ್ನು ತೋಟದ ಎಲ್ಲ ಕಡೆಯಿಂದ ನೂರರಷ್ಟು ಕಿತ್ತು, ಅಲಗನ್ನು ಅಲ್ಲೇ ಬೇರ್ಪಡಿಸಿ ಪ್ರಯೋಗಾಲಯಕ್ಕೆ ಕಳಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ ಥಾಮ್ಸನ್ ಸೀಡ್‌ಲೆಸ್‌ಗೆ ಹೂವಿನ ಹಂತದಲ್ಲಿ ತೊಟ್ಟಿನ ನೈಟ್ರೇಟ್ ಸಾರಜನಕ ದಶಲಕ್ಷಕ್ಕೆ 350 ಭಾಗಕ್ಕಿಂತ ಕಡಿಮೆಯಿದ್ದರೆ ಕೊರತೆ, 500ರಿಂದ 1200 ಇದ್ದರೆ ಸಾಕಷ್ಟು, 2000 ದಾಟಿದರೆ ಅತಿ ಎಂದು ಗುರುತಿಸಿದ್ದಾರೆ. ಆದರೆ ಬೇರುಸಸಿ, ತಳಿ, ಹವೆ ಬದಲಾದಂತೆ ಈ ಅಂಕಿಗಳೂ ಬದಲಾಗುತ್ತವೆ. ಮೋಡ ಮುಚ್ಚಿದ ದಿನಗಳಲ್ಲಿ ನೈಟ್ರೇಟನ್ನು ಬಳಸಿಕೊಳ್ಳುವ ಎಲೆಯ ಶಕ್ತಿ ಕುಗ್ಗಿ ತೊಟ್ಟಿನಲ್ಲಿ ಅದು ಶೇಖರವಾಗುವುದೂ ಉಂಟು. ಆದ್ದರಿಂದ ಎರಡು ಚಾಟ್ನಿಯ ಬಳ್ಳಿಗೆ ಪುಣೆಯ ಮಾಂಜರಿಯಲ್ಲಿರುವ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದ ಮಾನದಂಡಗಳನ್ನು ಹಿಡಿಯುವುದು ಸೂಕ್ತ, ಒಂದು ವರ್ಷದ ಅಂಕಿಗಿಂತ ಅದೇ ಪಡದ ಮೂರು ನಾಲ್ಕು ವರ್ಷಗಳ ಏರಿಳಿತ ಹೆಚ್ಚು ನಂಬಿಕೆಗೆ ಅರ್ಹ.

ಲೆಕ್ಕದ ಇನ್ನೊಂದು ಬದಿ ಇನ್ನೂ ಕುತೂಹಲದ್ದು. ಒಂದು ಟನ್ ಹಣ್ಣು ತೋಟದಿಂದ ಹೊತ್ತೊಯ್ಯುವ ಸಾರಜನಕ ಸುಮಾರು ಒಂದೂವರೆಯಿಂದ ಎರಡು ಕಿಲೋ; ಎಕರೆಗೆ 10 ಟನ್ ಫಸಲು ಎಂದು ಹಿಡಿದರೂ 20 ಕಿಲೋ ಮೀರದು. 45 ಕಿಲೋ ಯೂರಿಯಾ ಚೀಲವೊಂದರಲ್ಲಿ ಶೇ 46ರಂತೆ ಇರುವುದೂ ಹೆಚ್ಚುಕಡಿಮೆ ಅಷ್ಟೇ. ಎಲೆ ಮತ್ತು ಕಡ್ಡಿಗೂ ಸಾರಜನಕ ಬೇಕು, ಮಣ್ಣಿನಲ್ಲಿ ನಷ್ಟವೂ ಆಗುತ್ತದೆ, ನಿಜ. ಆದರೆ ಕೊಳವೆಬಾವಿಯ ನೀರಿನಲ್ಲಿ ಕರಗಿ ಬರುವ ನೈಟ್ರೇಟ್ ಯಾರ ವಹಿಯಲ್ಲೂ ಇರುವುದಿಲ್ಲ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್, ಅಂದರೆ ಸುಮಾರು 10 ಮಿಲಿಗ್ರಾಂ ಸಾರಜನಕ. ಎಕರೆಗೆ ಒಂದು ಇಂಚು ನೀರು ಎಂದರೆ ಒಂದು ಲಕ್ಷ ಲೀಟರಿಗೆ ತುಸು ಹೆಚ್ಚು, ಅದರಲ್ಲಿ ಬರುವುದು ಒಂದು ಕಿಲೋ ಸಾರಜನಕ. ಆ ಮಿತಿಯ ನೀರನ್ನು ವರ್ಷಕ್ಕೆ 20 ಇಂಚು ಹಾಯಿಸಿದವರು ತಮಗೆ ಅರಿವಿಲ್ಲದೆಯೇ ಒಂದು ಚೀಲ ಯೂರಿಯಾ ಹಾಕಿದಂತಾಯಿತು. ಮಿತಿ ಮೀರಿದ ಬಾವಿಗಳಲ್ಲಿ ಈ ಲೆಕ್ಕ ಇನ್ನೂ ಏರುತ್ತದೆ. ನೀರಿನ ಪರೀಕ್ಷೆಯಿಲ್ಲದೆ ಗೊಬ್ಬರದ ಪಟ್ಟಿ ಬರೆದುಕೊಡುವುದು ಅರ್ಧ ಲೆಕ್ಕವಷ್ಟೇ.

ಸುಣ್ಣದ ಅಂಶವಿರುವ ಕ್ಷಾರೀಯ ಕಪ್ಪು ಮಣ್ಣಿನ ಮೇಲೆ ಯೂರಿಯಾ ಎರಚಿ ಬಿಟ್ಟರೆ ಅದರ ಸಾರಜನಕದ ಒಂದಷ್ಟು ಪಾಲು ಅಮೋನಿಯಾ ಅನಿಲವಾಗಿ ಗಾಳಿ ಸೇರುತ್ತದೆ. ಮಣ್ಣಿನಲ್ಲಿ ಬೆರೆತದ್ದು ಬ್ಯಾಕ್ಟೀರಿಯಾಗಳಿಂದ ನೈಟ್ರೇಟಾಗಿ ಮಾರ್ಪಟ್ಟು, ನೀರು ಹೆಚ್ಚಾದರೆ ಬೇರಿನ ವಲಯ ದಾಟಿ ಕೆಳಗಿಳಿಯುತ್ತದೆ, ಕೊನೆಗೆ ಅದೇ ಬಾವಿಗೆ ಸೇರುತ್ತದೆ. ಹನಿ ನೀರಾವರಿಯ ಕೊಳವೆಯಲ್ಲಿ ಸ್ವಲ್ಪಸ್ವಲ್ಪವಾಗಿ ಹರಿಸುವ ರಸಾವರಿಯಲ್ಲಿ ಈ ಎರಡೂ ನಷ್ಟಗಳನ್ನು ತಗ್ಗಿಸಬಹುದು.

ಕಟಾವಿನಿಂದ ಏಪ್ರಿಲ್ ಚಾಟ್ನಿಯವರೆಗಿನ ವಿಶ್ರಾಂತಿಯ ವಾರಗಳನ್ನು ಬಹುತೇಕ ಪಡಗಳಲ್ಲಿ ಕಡೆಗಣಿಸಲಾಗುತ್ತದೆ, ನೀರನ್ನೂ ನಿಲ್ಲಿಸಲಾಗುತ್ತದೆ. ಆಗ ಎಲೆಗಳು ಇನ್ನೂ ಕೆಲಸ ಮಾಡುತ್ತಿದ್ದು, ಬಳ್ಳಿ ಸಾರಜನಕವನ್ನು ಮುಖ್ಯವಾಗಿ ಅರ್ಜಿನಿನ್ ಎಂಬ ಅಮೈನೋ ಆಮ್ಲದ ರೂಪದಲ್ಲಿ ಬೇರು ಮತ್ತು ಕಾಂಡದಲ್ಲಿ ಕೂಡಿಡುತ್ತದೆ. ಚಾಟ್ನಿಯ ನಂತರದ ಮೊದಲ ಚಿಗುರು ಹೆಚ್ಚಾಗಿ ಆ ದಾಸ್ತಾನಿನ ಮೇಲೆಯೇ ಬೆಳೆಯುವುದರಿಂದ ಈ ಅವಧಿಯ ಹಗುರವಾದ ಒಂದು ಕಂತು ಮತ್ತು ಮಿತವಾದ ನೀರು ಅತ್ಯಂತ ಸಾರ್ಥಕ. ಸವರಿದ ಎಲೆ, ಕಡ್ಡಿಗಳನ್ನು ಬದುವಿನಲ್ಲಿ ಗುಡ್ಡೆ ಹಾಕಿ ಸುಟ್ಟರೆ ಅವುಗಳೊಳಗಿನ ಸಾರಜನಕ ಹೊಗೆಯೊಡನೆ ಹೋಗುತ್ತದೆ; ರೋಗ ತಗುಲಿದ ಕಡ್ಡಿಗಳನ್ನು ಬೇರ್ಪಡಿಸಿ ಉಳಿದದ್ದನ್ನು ಚೂರು ಮಾಡಿ ಸಾಲುಗಳ ನಡುವೆ ಹರಡಿದರೆ ಮಣ್ಣಿಗೇ ಮರಳುತ್ತದೆ. ಕಡ್ಡಿಯಲ್ಲಿ ಇಂಗಾಲವೇ ಹೆಚ್ಚಾಗಿರುವುದರಿಂದ ಕೊಳೆಯುವ ಆರಂಭದಲ್ಲಿ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ಹಿಡಿದಿಟ್ಟುಕೊಳ್ಳುತ್ತವೆ. ಹೀಗಾಗಿ ಮೊದಲ ವರ್ಷವೇ ಗೊಬ್ಬರ ಕಡಿತ ಮಾಡದೆ, ಎಲೆತೊಟ್ಟಿನ ಅಂಕಿ ಏರತೊಡಗಿದ ಮೇಲೆ ಕಂತು ಕಂತಾಗಿ ಇಳಿಸುತ್ತ ಹೋಗುವುದು ಸುರಕ್ಷಿತ.