ಫಿಲಂ ಸುರುಳಿಯಿಂದ ಮೆಮೊರಿ ಕಾರ್ಡಿಗೆ

ಮಕ್ಕಳೇ, ಗರುಡಾಚಾರ್‌ಪಾಳ್ಯದಿಂದ ಹಂಪಿಗೆ ಶಾಲಾ ಪ್ರವಾಸ ಹೊರಟಿದ್ದೀರಿ ಎಂದುಕೊಳ್ಳಿ. ಅಲ್ಲಿ ಕಲ್ಲಿನ ರಥದ ಚಿತ್ರ ತೆಗೆಯಬೇಕು.

ಫಿಲಂ ಕ್ಯಾಮೆರಾದ ಒಂದು ಸುರುಳಿಗೆ ಸಾಮಾನ್ಯವಾಗಿ 24 ಇಲ್ಲವೆ 36 ಚಿತ್ರ. ಫಿಲಂ ಮೇಲಿನ ಬೆಳ್ಳಿಯ ಲವಣದ ಹರಳುಗಳು ಬೆಳಕು ಬಿದ್ದೆಡೆ ಬದಲಾಗುತ್ತವೆ. ಆದರೆ ಕತ್ತಲೆಕೋಣೆಯಲ್ಲಿ ರಾಸಾಯನಿಕಗಳಿಂದ ತೊಳೆಯುವವರೆಗೆ ಚಿತ್ರ ಕಾಣದು. ರಥದ ಚಿತ್ರ ಮಸುಕಾಗಿದ್ದರೆ ತಿಳಿಯುವುದು ಊರಿಗೆ ಮರಳಿದ ಮೇಲೆಯೇ!

ಡಿಜಿಟಲ್ ಕ್ಯಾಮೆರಾದಲ್ಲಿ ಫಿಲಂ ಬದಲು ಸಿಲಿಕಾನ್ ಸಂವೇದಕವಿರುತ್ತದೆ. ಬೆಳಕು ಬಿದ್ದಾಗ ಅದರ ಪುಟ್ಟ ಪುಟ್ಟ ಚೌಕಗಳಲ್ಲಿ ವಿದ್ಯುದಾವೇಶ ಉಂಟಾಗುತ್ತದೆ. ಕ್ಯಾಮೆರಾ ಅದನ್ನು ಅಳೆದು, ಅಂಕಿಗಳಾಗಿಸಿ ಮೆಮೊರಿ ಕಾರ್ಡಿನಲ್ಲಿ ಉಳಿಸುತ್ತದೆ. 1975ರಲ್ಲಿ ಅಮೆರಿಕದ ಸ್ಟೀವನ್ ಸ್ಯಾಸನ್ ತಯಾರಿಸಿದ ಡಿಜಿಟಲ್ ಕ್ಯಾಮೆರಾದ ಚಿತ್ರದಲ್ಲಿ ಇದ್ದುದು 10,000 ಬಿಂದುಗಳು ಮಾತ್ರ. ಇಂದಿನ ಅನೇಕ ಕ್ಯಾಮೆರಾಗಳಲ್ಲಿ ಕೋಟಿಗೂ ಹೆಚ್ಚು!

ಈಗ ಚಿತ್ರವನ್ನು ಅಲ್ಲೇ ನೋಡಿ, ಮಸುಕಾಗಿದ್ದರೆ ಮತ್ತೆ ತೆಗೆಯಬಹುದು. ಆದರೆ ಕಾರ್ಡು ಕೆಟ್ಟರೆ ಎಲ್ಲವೂ ಕಳೆದುಹೋಗಬಹುದು. ಆದ್ದರಿಂದ ಊರಿಗೆ ಬಂದೊಡನೆ ಇನ್ನೊಂದು ಪ್ರತಿ ಮಾಡಿಡಲು ಮರೆಯದಿರಿ.