ಸೋರೆಕಾಯಿ ರಸ: ಹಿಂಡುವ ಮೊದಲು ರುಚಿ ನೋಡಿ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಬಚ್ಚಲ ನೀರು ಹರಿಯುವ ಕಡೆ ಒಂದು ಸೋರೆ ಬಳ್ಳಿ ಹಬ್ಬಿಸುವುದು ಹಳೆಯ ರೂಢಿ. ಈಗ ಅದೇ ಕಾಯಿಯ ಹಸಿ ರಸವನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಕುಡಿಯುವವರೂ ಇದ್ದಾರೆ. ರಸ ತಂಪು, ಖರ್ಚೂ ಇಲ್ಲ. ಆದರೆ "ಕಹಿ ಇದ್ದಷ್ಟೂ ಔಷಧಿ" ಎಂಬ ಮಾತನ್ನು ಸೋರೆಕಾಯಿಗೆ ಅನ್ವಯಿಸಬೇಡಿ. ಕಹಿ ಸೋರೆಕಾಯಿ ವಿಷ.

ಕಹಿ ಏಕೆ ಬರುತ್ತದೆ?

ಸೋರೆ, ಹೀರೆ, ಸವತೆ ಜಾತಿಯ ಬಳ್ಳಿಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ವಸ್ತುವಿದೆ. ತಿನ್ನುವ ತಳಿಗಳಲ್ಲಿ ಇದು ಅತ್ಯಲ್ಪ. ನೀರು ಸಾಲದೆ ಬಳ್ಳಿ ಬಾಡಿದಾಗ, ಬಿಸಿಲಿನ ಝಳ ಹೆಚ್ಚಿದಾಗ ಇದು ಹೆಚ್ಚುವುದುಂಟು. ಮಳೆ ನೆಚ್ಚಿದ ನಮ್ಮ ಸೀಮೆಗೆ ಈ ಎಚ್ಚರಿಕೆ ಅಗತ್ಯ. ಕಾಡು ಕಹಿಸೋರೆಯ ಪರಾಗ ಬೆರೆತ ಬೀಜ ಬಿತ್ತಿದರೂ ಕಾಯಿ ಕಹಿಯಾಗಬಹುದು. ನೋಟಕ್ಕೆ ಎರಡೂ ಒಂದೇ.

ಪಲ್ಯದಲ್ಲಾದರೆ ಮೊದಲ ತುತ್ತಿಗೇ ಉಗುಳುತ್ತೇವೆ. ರಸವನ್ನು ಮಾತ್ರ ಮೂಗು ಹಿಡಿದು ಒಂದೇ ಗುಟುಕಿಗೆ ಕುಡಿಯುತ್ತೇವೆ. ಅಪಾಯ ಇರುವುದು ಇಲ್ಲಿಯೇ. 2010ರಲ್ಲಿ ದೆಹಲಿಯಲ್ಲಿ ಇಂಥ ರಸ ಕುಡಿದವರೊಬ್ಬರು ತೀರಿಕೊಂಡರು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ನೇಮಿಸಿದ ತಜ್ಞರ ತಂಡದ ವರದಿ 2012ರಲ್ಲಿ ಪ್ರಕಟವಾಯಿತು. ಕಹಿ ರಸವನ್ನು ಕುಡಿಯಲೇಬಾರದು ಎಂಬುದೇ ಅದರ ಸಲಹೆ.

ಮಾಡುವ ಕ್ರಮ

1. ಔಷಧಿ ಸಿಂಪಡಿಸದ ಬಳ್ಳಿಯಿಂದ ಎಳೆಯ ಕಾಯಿ ಕಿತ್ತು, ಚೆನ್ನಾಗಿ ತೊಳೆದು ಸಿಪ್ಪೆ ಹೆರೆಯಿರಿ.
2. ತೊಟ್ಟಿನ ಕಡೆಯಿಂದ ಒಂದು, ನಡುವಿನಿಂದ ಒಂದು ಸಣ್ಣ ಚೂರನ್ನು ನಾಲಿಗೆಯ ಮೇಲಿಟ್ಟು ನೋಡಿ. ತುಸು ಕಹಿ ಎನಿಸಿದರೂ ಉಗುಳಿ, ಇಡೀ ಕಾಯಿಯನ್ನು ಬಿಸಾಡಿ. ಕುದಿಸಿದರೆ ಕಹಿ ಹೋಗುತ್ತದೆಂದು ನಂಬಬೇಡಿ. ದನಕರುಗಳಿಗೂ ಹಾಕಬೇಡಿ.
3. ಸಪ್ಪೆಯಾಗಿದ್ದರೆ ಹೆಚ್ಚಿ, ಒರಳಲ್ಲಿ ಅಥವಾ ಮಿಕ್ಸಿಯಲ್ಲಿ ಅರೆದು ತೆಳು ಬಟ್ಟೆಯಲ್ಲಿ ಹಿಂಡಿ. ಪ್ರತಿ ಕಾಯಿಯನ್ನೂ ಬೇರೆಬೇರೆಯಾಗಿ ರುಚಿ ನೋಡಿರಬೇಕು.
4. ಬೇರೆ ರಸ ಬೆರೆಸಬೇಡಿ. ಶುಂಠಿ, ನಿಂಬೆಹುಳಿ, ಬೆಲ್ಲ ಕಹಿಯನ್ನು ಮರೆಮಾಚುತ್ತವೆ. ಚಿಟಿಕೆ ಉಪ್ಪು ಸಾಕು.
5. ಹಿಂಡಿದ ಕೂಡಲೇ ಒಂದು ಸಣ್ಣ ಲೋಟದಷ್ಟು ಕುಡಿಯಿರಿ. ನಾಳೆಗೆ ಇಡಬೇಡಿ.

ಹಾಗಲಕಾಯಿಯ ಕಹಿ ಬೇರೆ ಬಗೆಯದು, ಅದು ಕಾಯಿಯ ಸಹಜ ಗುಣ. ಅದನ್ನು ಕಂಡು ಸೋರೆಯ ಕಹಿಯನ್ನೂ ಒಳ್ಳೆಯದೆಂದು ಬಗೆಯಬಾರದು.

ಕುಡಿದ ಮೇಲೆ ತೊಂದರೆಯಾದರೆ

ಹೊಟ್ಟೆ ಕಡಿತ, ವಾಂತಿ, ಭೇದಿ ಕಂಡರೆ ಮನೆಮದ್ದಿಗೆ ಕಾಯಬೇಡಿ. ರಕ್ತ ವಾಂತಿಯಾಗಬಹುದು, ರಕ್ತದೊತ್ತಡ ಕುಸಿಯಬಹುದು. ಇದಕ್ಕೆಂದೇ ಪ್ರತಿವಿಷವಿಲ್ಲ. ಕೂಡಲೇ ಆಸ್ಪತ್ರೆಗೆ ಕರೆದೊಯ್ದು, ಕುಡಿದದ್ದು ಸೋರೆಕಾಯಿ ರಸವೆಂದು ವೈದ್ಯರಿಗೆ ತಿಳಿಸಿ. ಸಕ್ಕರೆ ಕಾಯಿಲೆಯವರು ರಸ ಕುಡಿಯುತ್ತೇವೆಂದು ಗುಳಿಗೆ ಬಿಡಬಾರದು.

ಬೀಜಕ್ಕೆ ಕಾಯಿ ಬಿಡುವವರು ಸುತ್ತಮುತ್ತಲಿನ ಕಹಿಸೋರೆ ಬಳ್ಳಿಗಳನ್ನು ಕಿತ್ತುಹಾಕಿ. ಬೇಸಿಗೆಯಲ್ಲಿ ದಿನಕ್ಕೆರಡು ಕೊಡ ನೀರು ಬಳ್ಳಿಯ ಬುಡಕ್ಕೆ ಬೀಳಲಿ. ಹಿಂಡುವ ಕೆಲಸ ಮನೆಯ ಹೆಣ್ಣುಮಕ್ಕಳದೇ ಆಗಿರುವುದರಿಂದ, ಓದಿದವರು ಈ ಮಾತನ್ನು ಇವತ್ತೇ ಮನೆಗೆ ಮುಟ್ಟಿಸಿ.